ಅಕ್ಕನ ಗವಲಿ, ಮೊಮ್ಮಗಳ ಪಾಸ್ತಾ

ಬೇಸಿಗೆ ರಜೆಗೆ ಪುಣೆಯಿಂದ ಬಂದ ಮೊಮ್ಮಗಳು ಬೈಲಹೊಂಗಲದ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಒಂದು ದುಂಡನೆಯ ಪಾತ್ರೆ ತಂದಿಟ್ಟಳು. ಒಳಗೆ ಪಿಂಗಾಣಿ ಬೋಗುಣಿ, ಮೇಲೆ ಗಾಜಿನ ಮುಚ್ಚಳ. ‘ಸ್ಲೋ ಕುಕ್ಕರ್ ಅಜ್ಜಿ, ಮುಂಜಾನೆ ಹಾಕಿದ್ರ ರಾತ್ರಿ ಊಟ ತಯಾರ. ನೀ ಒಲಿ ಮುಂದ ನಿಂದರೋದು ಬ್ಯಾಡ’ ಎಂದಳು. ಸೀಟಿ ಹೊಡೆಯದ ಕುಕ್ಕರನ್ನು ನಂಬುವುದು ನನಗೆ ಸ್ವಲ್ಪ ಕಷ್ಟವೇ.

ಮರುದಿನ ಟೊಮೆಟೊ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ನೀರು, ಪಾಸ್ತಾ ಎಲ್ಲವನ್ನೂ ಬೆಳಿಗ್ಗೆಯೇ ಒಟ್ಟಿಗೆ ಸುರಿದಳು. ಸಂಜೆ ಮುಚ್ಚಳ ತೆಗೆದರೆ ಪಾಸ್ತಾ ಎಲ್ಲಿ? ಕರಗಿ ಅಂಬಲಿಯಾಗಿತ್ತು. ಅವಳ ಕಣ್ಣಲ್ಲಿ ನೀರು. ಸೌಟಿನಿಂದ ಬಡಿಸಿಕೊಂಡು ಕುಡಿದೆವು. ಉಳಿದದ್ದು ಎಮ್ಮೆಯ ಪಾಲಾಯಿತು.

ತಪ್ಪು ಪಾತ್ರೆಯದಲ್ಲ. ಪಾಸ್ತಾಕ್ಕೆ ಕುದಿಯುವ ನೀರಿನಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಇಡೀ ದಿನ ಬಿಸಿನೀರಲ್ಲಿ ಬಿದ್ದರೆ ಅದರ ಪಿಷ್ಟ ಉಬ್ಬಿ ಒಡೆದುಹೋಗುತ್ತದೆ. ನಿಧಾನ ಬೇಕಾದದ್ದು ಸಾರಿಗೆ.

ಈ ಪಾತ್ರೆಯ ಹಿಂದೆಯೂ ಒಬ್ಬ ತಾಯಿಯ ಕಥೆಯಿದೆ ಮಕ್ಕಳೇ. ಲಿಥುವೇನಿಯಾದ ಒಂದು ಊರಿನಲ್ಲಿ ಯಹೂದಿ ಮನೆಗಳವರು ಸಬ್ಬತ್ ದಿನ ಒಲೆ ಹಚ್ಚುವಂತಿರಲಿಲ್ಲ. ಅದಕ್ಕೆ ಶುಕ್ರವಾರ ಸಂಜೆಯೇ ಕಾಳಿನ ಗಡಿಗೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಬರುತ್ತಿದ್ದರು. ತಾಯಿಯಿಂದ ಇದನ್ನು ಕೇಳಿದ್ದ ಶಿಕಾಗೊದ ಇರ್ವಿಂಗ್ ನ್ಯಾಕ್ಸನ್ ವಿದ್ಯುತ್ತಿನ ಗಡಿಗೆ ಮಾಡಿ 1940ರಲ್ಲಿ ಪೇಟೆಂಟ್ ಪಡೆದ. 1971ರಲ್ಲಿ ಅದು ‘ಕ್ರಾಕ್ ಪಾಟ್’ ಹೆಸರಿನಲ್ಲಿ ಅಂಗಡಿಗೆ ಬಂತು. ನಮ್ಮವ್ವ ಕುಳ್ಳಿನ ಕೆಂಡದ ಮೇಲೆ ದಿನವಿಡೀ ಹಾಲು ಕಾಯಿಸುತ್ತಿದ್ದಳು; ಪೇಟೆಂಟಿನ ಯೋಚನೆ ಅವಳಿಗೆ ಬರಲಿಲ್ಲ ಅಷ್ಟೆ.

ಪಾಸ್ತಾ ಪೊಟ್ಟಣ ಖಾಲಿಯಾಗಿತ್ತು. ಆಗ ಅಟ್ಟದ ಮೇಲಿನ ಗವಲಿ ಡಬ್ಬಿ ನೆನಪಾಯಿತು.

ನಾವು ನಾಲ್ವರು ಅಕ್ಕತಂಗಿಯರು. ನನ್ನನ್ನು ಊರಲ್ಲೇ ಕೊಟ್ಟರು, ಅಕ್ಕಂದಿರನ್ನು ಕಿತ್ತೂರಿಗೆ, ಸವದತ್ತಿಗೆ, ತಂಗಿಯನ್ನು ರಾಮದುರ್ಗಕ್ಕೆ. ಪ್ರತಿ ಬೇಸಿಗೆ ಎಲ್ಲರೂ ತವರಿಗೆ ಬಂದು ಶ್ಯಾವಿಗೆ, ಗವಲಿ ಮಾಡುತ್ತಿದ್ದೆವು. ಸವದತ್ತಿ ಅಕ್ಕ ಎರೆಹೊಲದ ಗಟ್ಟಿ ಗೋಧಿ ತರುತ್ತಿದ್ದಳು. ಇಟಲಿಯವರು ಪಾಸ್ತಾ ಮಾಡುವ ಡ್ಯೂರಮ್ ಅಂದರೆ ಅದೇ ಜಾತಿ. ಅದರ ರವೆ ಕಲಸಿ, ಎಳೆ ಹೊಸೆದು, ಬೆರಳ ತುದಿಯಲ್ಲಿ ಚಿವುಟಿ ಉರುಳಿಸಿದರೆ ಎರಡೂ ತುದಿ ಚೂಪಾದ ಕಾಳು. ಇಟಲಿಯಲ್ಲೂ ಇಂಥದ್ದೇ ಸಣ್ಣ ಪಾಸ್ತಾ ಇದೆ. ಹೆಸರು ಓರ್ಜೊ, ಅಂದರೆ ಜವೆಗೋಧಿ. ಕಿತ್ತೂರು ಅಕ್ಕ ಹಿಟ್ಟಿನ ತುಣುಕನ್ನು ಬಾಚಣಿಕೆ ಹಲ್ಲಿನ ಮೇಲೆ ಒತ್ತಿ ಗೆರೆ ಮೂಡಿಸುತ್ತಿದ್ದಳು. ಗಾರ್ಗನೆಲ್ಲಿ ಎಂಬ ಪಾಸ್ತಾಕ್ಕೂ ಇಟಲಿಯವರು ಹೀಗೇ ಗೆರೆ ಹಾಕುತ್ತಾರೆ.

ಆ ಡಬ್ಬಿಯಲ್ಲಿದ್ದದ್ದು ಎರಡು ಬೇಸಿಗೆಯ ಹಿಂದಿನ ಗವಲಿ. ನಾಲ್ವರೂ ಕೂಡಿ ಮಾಡಿದ್ದು ಅದೇ ಕೊನೆ. ಅದೇ ಮಳೆಗಾಲದಲ್ಲಿ ಕಿತ್ತೂರು ಅಕ್ಕ ತೀರಿಕೊಂಡಳು. ಮುಚ್ಚಳ ತೆಗೆಯಲು ನನಗೆ ಮನಸ್ಸೇ ಬಂದಿರಲಿಲ್ಲ. ‘ಹುಳ ತಿಂದ ಮ್ಯಾಲ ತಗೀತಿಯೇನ ಅಜ್ಜಿ?’ ಎಂದಳು ಮೊಮ್ಮಗಳು. ತೆಗೆದೆ.

ಈ ಸಲ ಸಾರಷ್ಟೇ ಆರು ತಾಸು ಸಣ್ಣ ಉರಿಯಲ್ಲಿ ಬೆಂದಿತು. ಅವಳಿಗೆ ರಾಜ್ಮಾ ಬೇಕಿತ್ತು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಚೆನ್ನಾಗಿ ಕುದಿಸಿಯೇ ಹಾಕಿದೆ. ಹಸಿ ರಾಜ್ಮಾದಲ್ಲಿ ವಾಂತಿ ತರಿಸುವ ವಿಷವಿದೆ; ಸ್ಲೋ ಕುಕ್ಕರಿನ ಮಂದ ಬಿಸಿಗೆ ಅದು ಹೋಗುವುದಿಲ್ಲ. ಪಾತ್ರೆಯ ಜೊತೆ ಬಂದ ಪುಸ್ತಿಕೆ ಓದದವರು ಇದನ್ನಾದರೂ ಓದಿಕೊಳ್ಳಲಿ. ಮುಚ್ಚಳ ತೆಗೆದು ತೆಗೆದು ನೋಡಬೇಡ ಎಂದು ಅವಳಿಗೆ ಹತ್ತು ಸಲ ಹೇಳಬೇಕಾಯಿತು. ತೆಗೆದಷ್ಟೂ ಬಿಸಿ ಹೋಗಿ ಅಡುಗೆ ತಡ. ಕೊನೆಗೆ ಗವಲಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಸುರಿದು, ಉರಿ ಏರಿಸಿದೆವು. ಇಪ್ಪತ್ತು ನಿಮಿಷಕ್ಕೆ ಕಾಳು ಕಾಳಾಗಿ ಬೆಂದಿತ್ತು.

ಮೊಮ್ಮಗಳು ಮೂರು ಸಲ ಬಡಿಸಿಕೊಂಡಳು. ಡಬ್ಬಿಯ ತಳ ಕಾಣುತ್ತಿತ್ತು. ರಾತ್ರಿಯೇ ರಾಮದುರ್ಗಕ್ಕೆ ಫೋನ್ ಮಾಡಿದೆ.

‘ನನ್ನ ಕೈ ನಡಗತಾವ ಅಕ್ಕಾ’ ಎಂದಳು ತಂಗಿ.

‘ಚಿವುಟಾಕ ಸಣ್ಣ ಬೆರಳು ಅದಾವ. ನೀ ಹಿಟ್ಟಿನ ಹದ ನೋಡು, ಸಾಕು.’

ಭಾನುವಾರದ ಬಸ್ಸಿಗೆ ಬಂದಳು. ಚೀಲದಿಂದ ಮೊದಲು ಹೊರಬಂದದ್ದು ಕಿತ್ತೂರು ಅಕ್ಕನ ಕಟ್ಟಿಗೆಯ ಬಾಚಣಿಕೆ.