ಊರಿನ ಆಸ್ತಿ ದಾಖಲೆಗಳು ಊರವರ ಕಣ್ಣಿಗೆ

ನಮ್ಮ ನಾಡಿನ ಹಳೆಯ ಊರುಗಳಲ್ಲಿ ದೇವಾಲಯದ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ದಾನಶಾಸನಗಳನ್ನು ನಾವೆಲ್ಲರೂ ಕಂಡಿದ್ದೇವೆ. ಭೂಮಿಯನ್ನು ಕೊಟ್ಟವರು ಯಾರು, ಪಡೆದವರು ಯಾರು, ಅದರ ವಿಸ್ತೀರ್ಣವೆಷ್ಟು, ನಾಲ್ಕು ದಿಕ್ಕಿನ ಎಲ್ಲೆಗಳಾವುವು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿ, ಹತ್ತು ಜನ ಓಡಾಡುವ ಸ್ಥಳದಲ್ಲಿ ನಿಲ್ಲಿಸಿದ ಹಿರಿಯರ ಉದ್ದೇಶ ಸ್ಪಷ್ಟವಾಗಿದೆ. ಗುಟ್ಟಾಗಿಟ್ಟ ಬರಹವನ್ನು ತಿದ್ದುವುದು ಸುಲಭ. ಊರೆಲ್ಲ ನೋಡುವ ಬರಹವನ್ನು ತಿದ್ದುವುದು ಕಷ್ಟ. ಆಸ್ತಿಗೆ ಸಂಬಂಧಿಸಿದ ದಾಖಲೆ ಊರವರ ಕಣ್ಣೆದುರಿಗೆ ಇರಬೇಕೆಂಬ ವಿಚಾರ ಹೀಗೆ ನಮಗೆ ಹೊಸದಲ್ಲ. ಅದು ಇಂದು ಅಂತರ್ಜಾಲದ ಮೂಲಕ ನಡೆಯುತ್ತಿದೆ ಎಂಬುದಷ್ಟೇ ಹೊಸದು. ಈ ವ್ಯವಸ್ಥೆಯ ಸ್ವರೂಪವೇನು, ಅದರಿಂದ ಆಗಿರುವ ಪ್ರಯೋಜನವೇನು, ಅದರ ಮಿತಿಗಳಾವುವು ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಾಮಾಂತರ ಪ್ರದೇಶದಲ್ಲಿ ಒಬ್ಬ ಗೃಹಸ್ಥನಿಗೆ ಸಂಬಂಧಿಸಿದ ದಾಖಲೆಗಳು ಮುಖ್ಯವಾಗಿ ಎರಡು ಕಡೆ ಇರುತ್ತವೆ. ಹೊಲಗದ್ದೆಗಳ ಪಹಣಿ ಕಂದಾಯ ಇಲಾಖೆಯಲ್ಲಿರುತ್ತದೆ. ಮನೆ, ಖಾಲಿ ನಿವೇಶನ, ಅಂಗಡಿ ಮೊದಲಾದವುಗಳ ಖಾತೆ ಗ್ರಾಮ ಪಂಚಾಯತಿಯಲ್ಲಿರುತ್ತದೆ. ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆಯಲ್ಲಿರುತ್ತದೆ. ಆಸ್ತಿಯ ಸಂಖ್ಯೆ, ಅಳತೆ, ಚಕ್ಕುಬಂದಿ, ತೆರಿಗೆಯ ಮೊತ್ತ, ಬಾಕಿ ಇವೆಲ್ಲವೂ ಈ ಖಾತೆಗೆ ಸೇರಿದ ವಿವರಗಳು. ಮನೆ ಕಟ್ಟಲು ಪರವಾನಗಿ, ನಕ್ಷೆಯ ಮಂಜೂರಾತಿ, ಅಂಗಡಿ ನಡೆಸಲು ಲೈಸೆನ್ಸು ಇವುಗಳನ್ನು ಕೊಡುವವರೂ ಸ್ಥಳೀಯ ಸಂಸ್ಥೆಯವರೇ. ಜನಸಾಮಾನ್ಯರು ಸರ್ಕಾರವನ್ನು ಹತ್ತಿರದಿಂದ ಕಾಣುವುದು ಬಹುಮಟ್ಟಿಗೆ ಈ ಕಾಗದಗಳ ಮೂಲಕವೇ.

ಒಂದು ಕಾಲದಲ್ಲಿ ಹಳೆಯ ಮೈಸೂರಿನ ಕಡೆ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ, ಉತ್ತರದ ಜಿಲ್ಲೆಗಳಲ್ಲಿ ಕುಲಕರ್ಣಿಯವರ ದಫ್ತರಿನಲ್ಲಿ ಊರಿನ ಭೂಮಿಯ ಚರಿತ್ರೆಯೆಲ್ಲ ಅಡಗಿರುತ್ತಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಸಂಬಳ ಪಡೆಯುವ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಅಧಿನಿಯಮದ 129ನೆಯ ಪ್ರಕರಣ ಇನ್ನೊಂದು ಮಹತ್ವದ ನಿಯಮವನ್ನು ವಿಧಿಸಿತು. ಒಂದು ಭೂಮಿಯ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಬದಲಾದಾಗ, ಆ ನಮೂದಿನ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ತಕರಾರು ಇದ್ದವರು ಅವಧಿಯೊಳಗೆ ಸಲ್ಲಿಸಬೇಕು. ತತ್ತ್ವ ಉತ್ತಮವಾದುದೇ. ಆದರೆ ಚಾವಡಿಯ ಗೋಡೆಗೆ ಹಚ್ಚಿದ ಕಾಗದವನ್ನು ಓದಬಲ್ಲವರು ಎಷ್ಟು ಜನ? ಅದು ಎಷ್ಟು ದಿನ ಅಲ್ಲಿ ಉಳಿಯುತ್ತಿತ್ತು? ಊರು ಬಿಟ್ಟು ಮುಂಬಯಿ, ಪುಣೆಗಳಿಗೆ ದುಡಿಯಲು ಹೋದವರಿಗೆ ಆ ಸುದ್ದಿ ಮುಟ್ಟುತ್ತಿದ್ದುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಪಹಣಿಯ ಒಂದು ನಕಲಿಗಾಗಿ ರೈತರು ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದುದೂ ಕೈ ಬಿಸಿ ಮಾಡುತ್ತಿದ್ದುದೂ ಎಲ್ಲರೂ ಬಲ್ಲ ವಿಷಯ.

ಈ ಪರಿಸ್ಥಿತಿಯಲ್ಲಿ ದೊಡ್ಡ ಬದಲಾವಣೆ ತಂದದ್ದು 'ಭೂಮಿ' ಯೋಜನೆ. 2000-2001ರ ಸುಮಾರಿಗೆ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ನಕಲು ಕೊಡುವ ಏರ್ಪಾಡು ಮಾಡಿತು. ಕೈಬರಹದ ಪಹಣಿಗೆ ಮಾನ್ಯತೆಯನ್ನು ನಿಲ್ಲಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಬಂದಿತು. ಅಂದಿನ ಕೇಂದ್ರಗಳಲ್ಲಿ ಅರ್ಜಿದಾರನ ಕಡೆಗೂ ಒಂದು ಪರದೆಯನ್ನು ತಿರುಗಿಸಿ ಇಡಲಾಗಿತ್ತು. ನೌಕರನು ತನ್ನ ಹೆಸರಿನ ಮುಂದೆ ಏನು ಬರೆಯುತ್ತಾನೆಂಬುದನ್ನು ರೈತನು ತಾನೇ ನೋಡಬಹುದಾಗಿತ್ತು. ನೋಡಲು ಸಣ್ಣ ಸಂಗತಿ. ಆದರೆ ಕಟಕಟೆಯ ಆಚೆ ನಿಂತವನಿಗೆ ಅದು ಕೊಟ್ಟ ಧೈರ್ಯ ಸಣ್ಣದಲ್ಲ. ಈಗಂತೂ ಸರ್ವೆ ನಂಬರು ಗೊತ್ತಿದ್ದವರು ಮನೆಯಲ್ಲಿಯೇ ಕುಳಿತು ಪಹಣಿಯನ್ನು ನೋಡಬಹುದಾಗಿದೆ.

ಪಂಚಾಯತಿಯ ಆಸ್ತಿಗಳಿಗೆ ಇದೇ ಬಗೆಯ ಏರ್ಪಾಡು 2013ರಲ್ಲಿ 'ಇ-ಸ್ವತ್ತು' ಎಂಬ ಹೆಸರಿನಲ್ಲಿ ಬಂದಿತು. ಗ್ರಾಮಠಾಣಾದೊಳಗಿನ ಮತ್ತು ಕ್ರಮಬದ್ಧವಾಗಿ ಭೂಪರಿವರ್ತನೆಯಾದ ಆಸ್ತಿಗೆ ನಮೂನೆ 9, ಉಳಿದ ಕೃಷಿಯೇತರ ಆಸ್ತಿಗೆ ನಮೂನೆ 11-ಬಿ ಎಂಬ ಪತ್ರಗಳನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯೊಡನೆ ಕೊಡಲಾಗುತ್ತದೆ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದರಿಂದ ಸಾಕಷ್ಟು ತಡೆಯಾಯಿತು. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಾಮಿತ್ವ' ಯೋಜನೆಯಲ್ಲಿ ಗ್ರಾಮಗಳ ವಸತಿ ಪ್ರದೇಶಗಳನ್ನು ಡ್ರೋನ್ ಮೂಲಕ ಅಳೆದು ನಕ್ಷೆ ಮಾಡುವ ಕಾರ್ಯವೂ ಕೈಗೊಳ್ಳಲ್ಪಟ್ಟಿತು. ರಾಜಧಾನಿಯಲ್ಲಿ 2024ರ ಅಕ್ಟೋಬರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತೆಗಳನ್ನು ವಾರ್ಡುವಾರಾಗಿ ಅಂತರ್ಜಾಲದಲ್ಲಿ ಪ್ರಕಟಿಸಿತು. 'ಕರಡು' ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ನಮ್ಮಲ್ಲಿರುವುದು ಇದು, ತಪ್ಪಿದ್ದರೆ ತಿಳಿಸಿರಿ ಎಂದು ಕಚೇರಿಯೇ ನಾಗರಿಕರನ್ನು ಕೇಳಿದಂತಾಯಿತು.

ಇವೆಲ್ಲಕ್ಕೂ ಕಾನೂನಿನ ಬೆಂಬಲವಾಗಿ ನಿಂತಿರುವುದು 2005ರ ಮಾಹಿತಿ ಹಕ್ಕು ಅಧಿನಿಯಮ. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮಾಹಿತಿ ಪಡೆಯುವ ಕಾನೂನೆಂದೇ ಬಹುಮಂದಿ ಅದನ್ನು ಭಾವಿಸಿದ್ದಾರೆ. ಆದರೆ ಅದರ 4ನೆಯ ಪ್ರಕರಣ, ಯಾರೂ ಕೇಳುವ ಮೊದಲೇ ಪ್ರಕಟಿಸಬೇಕಾದ 17 ಬಗೆಯ ವಿವರಗಳನ್ನು ಎಣಿಸಿದೆ. ಯಾರು ಯಾರಿಗೆ ರಿಯಾಯಿತಿ, ಪರವಾನಗಿ, ಅನುಮತಿಗಳನ್ನು ಕೊಡಲಾಗಿದೆ ಎಂಬ ವಿವರವೂ ಅವುಗಳಲ್ಲೊಂದು. ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಿಕೊಂಡು, ಸೂಚನಾ ಫಲಕ, ವೃತ್ತಪತ್ರಿಕೆ, ಅಂತರ್ಜಾಲ ಮೊದಲಾದ ಸಾಧನಗಳಿಂದ ಜನರಿಗೆ ತಲುಪಿಸಬೇಕೆಂದೂ ಅದು ಹೇಳುತ್ತದೆ. ನಮ್ಮ ಬೀದಿಯಲ್ಲಿ ಎರಡು ಅಂತಸ್ತಿಗೆ ಪರವಾನಗಿ ಪಡೆದವರು ನಾಲ್ಕು ಅಂತಸ್ತು ಏರಿಸುತ್ತಿದ್ದರೆ, ಪರವಾನಗಿಯ ವಿವರ ಬಹಿರಂಗವಾಗಿದ್ದಾಗ ಮಾತ್ರ ನೆರೆಯವರು ಅದನ್ನು ಕಾಲದಲ್ಲಿ ಕೇಳಬಲ್ಲರು. ಗಾರೆ ಒಣಗಿದ ಮೇಲೆ ಕೇಳುವುದರಿಂದ ಜಗಳವಾಗುವುದೇ ಹೊರತು ಪರಿಹಾರ ದೊರೆಯುವುದು ಕಡಿಮೆ.

ಅರ್ಜಿ ಯಾವ ಹಂತದಲ್ಲಿದೆ ಎಂಬುದೂ ಜನರಿಗೆ ತಿಳಿಯಬೇಕಾದ ಮಾಹಿತಿಯೇ. 2011ರ ಸಕಾಲ ಅಧಿನಿಯಮದಂತೆ ಅರ್ಜಿದಾರನಿಗೆ ಒಂದು ಸಂಖ್ಯೆಯನ್ನು ಕೊಡುತ್ತಾರೆ; ಅದರಿಂದ ಅರ್ಜಿಯ ಸ್ಥಿತಿಯನ್ನು ಅರಿಯಬಹುದು. ನಿಗದಿತ ದಿನಗಳು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಲು ಆ ಕಾನೂನು ಅವಕಾಶ ಕಲ್ಪಿಸಿತು. ಮೊತ್ತ ಅಲ್ಪವೇ ಆದರೂ ವಿಳಂಬಕ್ಕೆ ಬೆಲೆಯುಂಟೆಂಬ ಮಾತು ಕಾನೂನಿನಲ್ಲಿ ದಾಖಲಾಯಿತು.

ಇಷ್ಟಾದರೂ ದಾಖಲೆ ಪ್ರಕಟವಾದ ಮಾತ್ರಕ್ಕೆ ನ್ಯಾಯ ದೊರೆತಂತಾಗುವುದಿಲ್ಲ. ಈ ಲೇಖಕನಿಗೆ ಪರಿಚಯವಿರುವ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ಹೇಳಬಹುದು. ಮನೆಯ ಯಜಮಾನ ತೀರಿಕೊಂಡ ಮೇಲೆ ಅವನ ಹೆಂಡತಿ ವರುಷ ವರುಷವೂ ತಪ್ಪದೆ ಮನೆಗಂದಾಯ ಕಟ್ಟುತ್ತ ಬಂದಿದ್ದರು. ಮೊಮ್ಮಗಳನ್ನು ನರ್ಸಿಂಗ್ ಓದಿಸಲು ಮನೆಯ ಆಧಾರದ ಮೇಲೆ ಸಾಲ ಕೇಳಿದಾಗ ಬ್ಯಾಂಕಿನವರು ಕಾಗದಗಳನ್ನು ಹಿಂದಿರುಗಿಸಿದರು. ಹಳೆಯ ರಿಜಿಸ್ಟರಿನಲ್ಲಿ ಪೂರ್ವ ಪಶ್ಚಿಮ 31 ಅಡಿ ಎಂದಿದ್ದುದು ಗಣಕಯಂತ್ರಕ್ಕೆ ಏರುವಾಗ 13 ಅಡಿಯಾಗಿತ್ತು. ಖಾತೆಯಲ್ಲಿ ಇನ್ನೂ ಮೃತರಾದ ಮಾವನವರ ಹೆಸರೇ ಇತ್ತು. ಯಾರೂ ಬೇಕೆಂದು ಮಾಡಿದ ತಪ್ಪಲ್ಲ. ಹಳೆಯ ರಿಜಿಸ್ಟರು ಉಳಿದಿತ್ತಾದ್ದರಿಂದ ಕೊನೆಗೆ ಎಲ್ಲವೂ ಸರಿಹೋಯಿತು. ಆದರೆ ಅಷ್ಟರಲ್ಲಿ ಪ್ರವೇಶದ ದಿನ ಕಳೆದು, ಆ ಹುಡುಗಿಗೆ ಒಂದು ವರ್ಷ ನಷ್ಟವಾಯಿತು. ಆ ತಪ್ಪು ಹಲವು ವರ್ಷಗಳಿಂದ ಎಲ್ಲರಿಗೂ ಕಾಣುವಂತೆಯೇ ಇತ್ತು, ನೋಡಿದವರು ಮಾತ್ರ ಇರಲಿಲ್ಲ ಎಂಬುದು ಇಲ್ಲಿ ವ್ಯಥೆಯ ಸಂಗತಿ.

ಎರಡನೆಯದಾಗಿ, ಖಾತೆ ಎಂಬುದು ಕ್ರಯಪತ್ರವಲ್ಲ. ಅದು ತೆರಿಗೆ ವಿಧಿಸುವುದಕ್ಕಾಗಿ ಇಟ್ಟ ದಾಖಲೆ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧಿಸುವುದಿಲ್ಲ. ಹಕ್ಕು ದಾಖಲೆಯ ನಮೂದುಗಳಿಗೂ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣ ಕೊಡುವ ಮಾನ್ಯತೆ, ಬೇರೆ ರೀತಿ ರುಜುವಾತಾಗುವವರೆಗೆ ಅವು ಸತ್ಯವೆಂಬ ಊಹೆ ಮಾತ್ರ. ವಿದ್ಯಾಸಂಸ್ಥೆಗಳಿಗೆ ಭೂಮಿಯನ್ನು ದಾನ ಮಾಡಿದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ದಾನಪತ್ರ ನೋಂದಣಿಯಾದರೂ ಖಾತೆ ಬದಲಾಗದೆ ಉಳಿದರೆ, ಕೊಟ್ಟವರ ಕಾಲದಲ್ಲಿ ಇಲ್ಲದ ವ್ಯಾಜ್ಯ ಮೊಮ್ಮಕ್ಕಳ ಕಾಲದಲ್ಲಿ ತಲೆಯೆತ್ತಬಹುದು.

ಮೂರನೆಯದು, ಬಹಿರಂಗವಾದ ಮಾಹಿತಿ ಯಾರ ಕೈಗೆ ಬಲ ಕೊಡುತ್ತದೆ ಎಂಬ ಪ್ರಶ್ನೆ. ಭೂಮಿ ಯೋಜನೆಯಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದರು. ಓದು ಬಲ್ಲವನಿಗೆ ತೆರೆದ ಪುಸ್ತಕ, ಓದು ಬಾರದವನಿಗೆ ಮುಚ್ಚಿದ ಪುಸ್ತಕವೇ ಆಗಿರುತ್ತದೆ. ಆದುದರಿಂದ ಏನನ್ನು ಪ್ರಕಟಿಸಬೇಕೆಂಬುದರಲ್ಲಿಯೂ ವಿವೇಕ ಬೇಕು. ಆಸ್ತಿಯ ಸಂಖ್ಯೆ, ಅಳತೆ, ತೆರಿಗೆ, ಪರವಾನಗಿಯ ದಿನಾಂಕ, ಅನುಮತಿಸಿದ ಅಂತಸ್ತುಗಳು ಊರಿಗೆ ತಿಳಿಯಲಿ. ಮಾಲೀಕರ ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆಗಳನ್ನು ಊರಿಗೆ ಸಾರಬೇಕಾದ ಕಾರಣವಿಲ್ಲ.

ಹಾಗಾದರೆ ಮಾಡಬೇಕಾದುದೇನು? 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಸೇರಿಸಿ, ಸರ್ಕಾರಿ ಕಾಮಗಾರಿಗಳ ದಾಖಲೆಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ಅಕ್ಷರ ಬಾರದ ಕೂಲಿಕಾರರು ಕೇಳಿದೊಡನೆಯೇ ನಿಜ ಯಾವುದು, ಸುಳ್ಳು ಯಾವುದು ಎಂಬುದನ್ನು ಹೇಳಬಲ್ಲವರಾದರು. ಮಾಹಿತಿ ಹಕ್ಕಿನ ಚಳವಳಿಗೆ ಬಲ ಬಂದದ್ದು ಇಂತಹ ಸಭೆಗಳಿಂದ. ನಮ್ಮ ಗ್ರಾಮಸಭೆಗಳಲ್ಲಿಯೂ ವರ್ಷಕ್ಕೊಮ್ಮೆ ಆಸ್ತಿ ಪಟ್ಟಿಯನ್ನೂ ಪರವಾನಗಿಗಳ ಪಟ್ಟಿಯನ್ನೂ ಓದಿಸುವ ಪದ್ಧತಿ ಬಂದರೆ, ಪರದೆಯ ಮೇಲಿನ ಅಕ್ಷರಗಳಿಗೆ ಊರಿನ ಸಾಕ್ಷ್ಯವೂ ಕೂಡಿಬರುತ್ತದೆ.

ಈ ಕಾರ್ಯದಲ್ಲಿ ಶಾಲೆಗಳ ಪಾತ್ರವೂ ಇದೆ. ಪ್ರೌಢಶಾಲೆಯ ಮಕ್ಕಳಿಗೆ ಪೌರನೀತಿಯನ್ನು ಬೋಧಿಸುವ ಅಧ್ಯಾಪಕರು, ಒಂದು ಪಹಣಿ, ಒಂದು ನಮೂನೆ 9, ಒಂದು ತೆರಿಗೆ ರಶೀದಿ ಇವುಗಳನ್ನು ಓದುವುದು ಹೇಗೆಂಬುದನ್ನು ಒಂದೆರಡು ಪಾಠಗಳಲ್ಲಿ ಕಲಿಸಬಹುದು. ದೂರದ ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ತಮ್ಮ ಮನೆಯ ದಾಖಲೆಯ ಜೊತೆಗೆ ನೆರೆಮನೆಯ ಅಜ್ಜಿಯ ದಾಖಲೆಯನ್ನೂ ತೆಗೆದು ಓದಿ ಹೇಳಿದರೆ ಅವರ ವಿದ್ಯೆ ಊರಿಗೆ ಸಂದಂತಾಗುತ್ತದೆ. ಅಂದಿನವರು ಕಲ್ಲಿನಲ್ಲಿ ಬರೆಯಿಸಿ ಊರ ಮುಂದೆ ನಿಲ್ಲಿಸಿದರು. ಇಂದು ಬರಹ ನಮ್ಮ ಅಂಗೈಯೊಳಗೇ ಬಂದಿದೆ. ಅದನ್ನು ಓದುವ, ತಪ್ಪಿದ್ದರೆ ತಿದ್ದಿಸುವ ಹೊಣೆ ನಮ್ಮದು.