ಒಂದು ಡಿಸ್ಕ್ ಕೆಟ್ಟರೂ ಪ್ರಶ್ನೆಪತ್ರಿಕೆ ಉಳಿಯಲಿ

ಅಧ್ಯಾಪಕ ಬಂಧುಗಳೇ, ಮೊದಲು ಒಂದು ಪ್ರಶ್ನೆ. ಕಳೆದ ಐದಾರು ವರ್ಷಗಳಲ್ಲಿ ನೀವು ಕನ್ನಡದಲ್ಲಿ ಟೈಪ್ ಮಾಡಿದ ಕಿರುಪರೀಕ್ಷೆಗಳು, ಚಟುವಟಿಕೆ ಹಾಳೆಗಳು, ವಿಜ್ಞಾನ ಮೇಳದ ಫೋಟೋಗಳು ಈಗ ಎಲ್ಲಿ ಉಂಟು? "ಮನೆಯ ಕಂಪ್ಯೂಟರಿನಲ್ಲಿ" ಅಂತ ಹೆಚ್ಚಿನವರು ಹೇಳುತ್ತೀರಿ. ಅದರೊಳಗೆ ಇರುವುದು ಒಂದೇ ಹಾರ್ಡ್ ಡಿಸ್ಕ್. ನಾಳೆ ಬೆಳಿಗ್ಗೆ ಅದು ಏಳದಿದ್ದರೆ?

ನನ್ನದು ಏಳಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಗೆ ಒಂದು ವಾರ ಇರುವಾಗ ಟಕ್ ಟಕ್ ಅಂತ ಸದ್ದು ಮಾಡಿ ನಿಂತೇಹೋಯಿತು. ಮಲಯಾಳದಲ್ಲಾದರೆ ನಮ್ಮ ಪಠ್ಯಕ್ರಮದ ಸಾಮಗ್ರಿ ಹುಡುಕಿದಲ್ಲೆಲ್ಲ ಸಿಗುತ್ತದೆ. ಕರ್ನಾಟಕದಿಂದ ಸಿಗುವ ಕನ್ನಡ ಸಾಮಗ್ರಿ ಬೇರೆ ಪಠ್ಯಕ್ರಮದ್ದು. ಕೇರಳದ ಪಾಠಕ್ಕೆ ಕನ್ನಡದಲ್ಲಿ ಬೇಕಾದದ್ದನ್ನು ಬಹುಪಾಲು ನಾವೇ ಮಾಡಿಕೊಳ್ಳಬೇಕು, ಕಳೆದುಹೋದರೆ ನಾವೇ ಮತ್ತೆ ಟೈಪ್ ಮಾಡಬೇಕು. ನಾನು ಎರಡು ತಿಂಗಳು ಮಾಡಿದೆ. ಆಮೇಲೆ ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಎರಡು ಹೊಸ ಡಿಸ್ಕ್ ಜೋಡಿಸಿ ಮನೆಯ ಸರ್ವರ್ ಮಾಡಿಕೊಂಡೆ. ಶಾಲೆಯ ಐಟಿ ಲ್ಯಾಬಿನಲ್ಲಿ ಉಬುಂಟು ಆಧಾರಿತ ಗ್ನು/ಲಿನಕ್ಸ್ ಬಳಸಿದ ನಮಗೆ ಇದೇನೂ ಹೊಸ ಲೋಕವಲ್ಲ.

ರೈಡ್ ಎಂದರೇನು?

1988ರಲ್ಲಿ ಅಮೆರಿಕದ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ ಬಳಸಬಹುದು ಎಂಬುದು ಅದರ ವಾದ. ಆದರೆ ಡಿಸ್ಕ್ ಹೆಚ್ಚಾದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಆದ್ದರಿಂದ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಸ್ವಲ್ಪ ಹೆಚ್ಚುವರಿ ಬರೆದಿಡಬೇಕು. ಈ ಏರ್ಪಾಡಿಗೆ ಅವರು ಇಟ್ಟ ಹೆಸರು ರೈಡ್.

ರೈಡ್‌ನಲ್ಲಿ ಹಲವು ಮಟ್ಟಗಳಿವೆ. ನಮಗೆ ಮೂರು ಗೊತ್ತಿದ್ದರೆ ಸಾಕು.

ಸೊನ್ನೆ ಮಟ್ಟದಲ್ಲಿ ಮಾಹಿತಿಯನ್ನು ತುಂಡು ಮಾಡಿ ಎರಡು ಡಿಸ್ಕಿಗೆ ಹಂಚುತ್ತಾರೆ. ವೇಗ ಹೆಚ್ಚು, ರಕ್ಷಣೆ ಇಲ್ಲ. ಒಂದು ಹೋದರೆ ಎಲ್ಲವೂ ಹೋಯಿತು. ಇದರ ಸಹವಾಸ ಬೇಡ.

ಒಂದನೇ ಮಟ್ಟ ಕನ್ನಡಿಯಂತೆ. ಬರೆದದ್ದೆಲ್ಲ ಎರಡೂ ಡಿಸ್ಕಿನಲ್ಲಿ ಬೀಳುತ್ತದೆ. 2 ಟಿಬಿಯ ಎರಡು ಡಿಸ್ಕ್ ಹಾಕಿದರೆ ಬಳಕೆಗೆ ಸಿಗುವುದು 2 ಟಿಬಿ.

ಐದನೇ ಮಟ್ಟಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. 2 ಟಿಬಿಯ ಮೂರು ಹಾಕಿದರೆ 4 ಟಿಬಿ ಸಿಗುತ್ತದೆ. ಇಲ್ಲಿ ಪೂರ್ತಿ ಪ್ರತಿ ಇಲ್ಲ, ಬದಲಿಗೆ ಸರಿ-ಬೆಸದ ಲೆಕ್ಕ ಉಂಟು. ಮೊದಲ ಡಿಸ್ಕಿನಲ್ಲಿ 1011, ಎರಡನೆಯದರಲ್ಲಿ 0110 ಇದೆ ಅಂತ ಇಟ್ಟುಕೊಳ್ಳಿ. ಪ್ರತಿ ಸ್ಥಾನದಲ್ಲೂ ಮೂರು ಡಿಸ್ಕುಗಳ ಒಂದುಗಳ ಸಂಖ್ಯೆ ಸಮ ಆಗುವಂತೆ ಮೂರನೆಯದರಲ್ಲಿ ಬರೆಯಬೇಕು: 1101. ಈಗ ಎರಡನೆಯದನ್ನು ಕೈಯಿಂದ ಮುಚ್ಚಿ. ಉಳಿದದ್ದು 1011 ಮತ್ತು 1101. ಒಂದುಗಳು ಸಮ ಆಗಬೇಕಾದರೆ ಮುಚ್ಚಿದ್ದು 0110 ಆಗಿರಲೇಬೇಕು. ಕಳೆದದ್ದು ಸಿಕ್ಕಿತು! (ನಿಜವಾದ ಏರ್ಪಾಡಿನಲ್ಲಿ ಈ ಸರಿ-ಬೆಸದ ಭಾಗ ಒಂದೇ ಡಿಸ್ಕಿನಲ್ಲಿ ಇರುವುದಿಲ್ಲ, ಸರದಿಯಂತೆ ಮೂರರಲ್ಲೂ ಹಂಚಿರುತ್ತದೆ.) ಎಂಟನೇ ತರಗತಿಯ ಮಕ್ಕಳಿಗೆ ಸೊನ್ನೆ, ಒಂದು ಬರೆದ ಕಾರ್ಡು ಕೊಟ್ಟು ಮಾಡಿಸಿ ನೋಡಿ, ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ.

ಮನೆಗೆ ಕನ್ನಡಿಯೇ ಸಾಕು. ಲೆಕ್ಕವಿಲ್ಲ, ಜಂಜಾಟವಿಲ್ಲ, ಉಳಿದ ಒಂದು ಡಿಸ್ಕಿನಲ್ಲೇ ಎಲ್ಲವೂ ಇರುತ್ತದೆ.

ಮಾಡುವ ಕ್ರಮ

ಕಮಾಂಡುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಮುಖ್ಯ ಸಾಧನದ ಹೆಸರು ಎಂ-ಡಿ-ಎ-ಡಿ-ಎಂ, ಐದೇ ಅಕ್ಷರ. ಉಬುಂಟುವಿನಲ್ಲಿ ಅದೇ ಹೆಸರಿನ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿಕೊಳ್ಳಿ.

1. ಒಂದೇ ಗಾತ್ರದ ಎರಡು ಡಿಸ್ಕ್ ತನ್ನಿ. ಸಾಧ್ಯವಾದರೆ ಬೇರೆ ಬೇರೆ ಅಂಗಡಿಯಿಂದ ತನ್ನಿ. ಒಂದೇ ಪೆಟ್ಟಿಗೆಯಿಂದ ಬಂದ ಅವಳಿಗಳಿಗೆ ಒಂದೇ ದೋಷ ಇದ್ದರೆ ಎರಡೂ ಒಟ್ಟೊಟ್ಟಿಗೆ ಕೈಕೊಡಬಹುದು. ಪ್ರತಿಯೊಂದರ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಬದಿಗೆ ಅಂಟಿಸಿ. ಮುಂದೆ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಕೀಳುವ ಎಡವಟ್ಟು ತಪ್ಪುತ್ತದೆ.

2. "ಎಲ್ಎಸ್‌ಬಿಎಲ್‌ಕೆ" ಎಂದು ಕೊಟ್ಟರೆ ಡಿಸ್ಕುಗಳ ಪಟ್ಟಿ ಬರುತ್ತದೆ. ಲಿನಕ್ಸ್ ಇರುವುದು ಎಸ್‌ಡಿಎ, ಹೊಸವು ಎಸ್‌ಡಿಬಿ ಮತ್ತು ಎಸ್‌ಡಿಸಿ ಅಂತ ಇಟ್ಟುಕೊಳ್ಳೋಣ. ನಿಮ್ಮಲ್ಲಿ ಹೆಸರು ಬೇರೆ ಇರಬಹುದು. ಗಾತ್ರ, ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತ ಮಾಡಿ. ತಪ್ಪು ಡಿಸ್ಕ್ ಆರಿಸಿದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ.

3. ಎರಡರಲ್ಲೂ ಒಂದೊಂದು ಪಾರ್ಟಿಶನ್ ಮಾಡಿ, ಕೊನೆಯಲ್ಲಿ ಕೆಲವು ನೂರು ಎಂಬಿ ಖಾಲಿ ಬಿಡಿ. ಮುಂದೆ ತರುವ ಬದಲಿ ಡಿಸ್ಕ್ ಒಂದಿಷ್ಟು ಸಣ್ಣದಾದರೂ ಕೂರುತ್ತದೆ.

4. ಕನ್ನಡಿ ಕಟ್ಟುವ ಕಮಾಂಡ್: "ಸುಡೋ ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ0 --ಲೆವೆಲ್=1 --ರೈಡ್-ಡಿವೈಸಸ್=2 /ಡೆವ್/ಎಸ್‌ಡಿಬಿ1 /ಡೆವ್/ಎಸ್‌ಡಿಸಿ1". ಕೂಡಲೇ ಒಂದರಿಂದ ಇನ್ನೊಂದಕ್ಕೆ ನಕಲು ಸುರುವಾಗುತ್ತದೆ. 2 ಟಿಬಿ ಡಿಸ್ಕಿಗೆ ಸೆಕೆಂಡಿಗೆ ಸುಮಾರು 130 ಎಂಬಿಯಂತೆ ನಾಲ್ಕೈದು ಗಂಟೆ ಬೇಕು. ಅವಸರ ಬೇಡ, ಆದರೂ ಅಷ್ಟರೊಳಗೆ ಬಳಸಬಹುದು.

5. ಎಂಡಿ0ಗೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಹಾಕಿ ಮೌಂಟ್ ಮಾಡಿ. ಕಂಪ್ಯೂಟರ್ ಹಾಕಿದಾಗೆಲ್ಲ ತಾನೇ ಮೌಂಟ್ ಆಗಬೇಕಾದರೆ ಎಫ್ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಯುಯುಐಡಿ ಬರೆದು, ಪಕ್ಕದಲ್ಲಿ "ನೋಫೇಲ್" ಸೇರಿಸಿ. ಆಗ ಡಿಸ್ಕ್ ತೊಂದರೆ ಕೊಟ್ಟರೂ ಕಂಪ್ಯೂಟರ್ ಬೂಟ್ ಆಗುತ್ತದೆ.

6. "ಎಂಡಿಎಡಿಎಂ --ಡಿಟೇಲ್ --ಸ್ಕ್ಯಾನ್" ಕೊಡುವ ಸಾಲನ್ನು ಎಂಡಿಎಡಿಎಂ.ಕಾನ್ಫ್ ಫೈಲಿಗೆ ಸೇರಿಸಿ, "ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್ -ಯು" ಓಡಿಸಿ. ಇದನ್ನು ಮರೆತರೆ ರೀಬೂಟ್ ಆದಾಗ ಎಂಡಿ0 ಎಂಬುದು ಎಂಡಿ127 ಎಂಬ ಹೆಸರಲ್ಲಿ ಎದುರಾಗಿ ನಿಮ್ಮನ್ನು ಗಲಿಬಿಲಿ ಮಾಡಬಹುದು.

ಕೆಡಿಸಿ ನೋಡಿ

ಅಮೂಲ್ಯ ಫೈಲುಗಳನ್ನು ಹಾಕುವ ಮೊದಲು ಪರೀಕ್ಷೆ ಮಾಡಿ. ಮಕ್ಕಳಿಗೆ ಪ್ರಯೋಗ ಮಾಡಿ ನೋಡಿ ಅನ್ನುವ ನಾವು ಇಲ್ಲಿ ಬರಿ ನಂಬಿ ಕೂತರೆ ಹೇಗೆ? ನಾಲ್ಕೈದು ಫೋಟೋ ಹಾಕಿ. "ಕ್ಯಾಟ್ /ಪ್ರಾಕ್/ಎಂಡಿಸ್ಟಾಟ್" ಎಂದು ಕೊಟ್ಟರೆ ಆವರಣದೊಳಗೆ ಎರಡು ಯು ಅಕ್ಷರ ಕಾಣುತ್ತದೆ, ಎರಡೂ ಆರೋಗ್ಯವಾಗಿವೆ ಅಂತ ಅರ್ಥ. ಈಗ "--ಫೇಲ್" ಕೊಟ್ಟು ಒಂದು ಡಿಸ್ಕನ್ನು ಕೆಟ್ಟದ್ದೆಂದು ಘೋಷಿಸಿ, "--ರಿಮೂವ್" ಕೊಟ್ಟು ತೆಗೆಯಿರಿ. ಒಂದು ಯು ಜಾಗದಲ್ಲಿ ಅಡಿಗೆರೆ ಬರುತ್ತದೆ. ಫೋಟೋ ತೆರೆಯಿರಿ, ಏನೂ ಆಗದ ಹಾಗೆ ತೆರೆಯುತ್ತದೆ. "--ಆ್ಯಡ್" ಕೊಟ್ಟು ಮತ್ತೆ ಸೇರಿಸಿದರೆ ಅದೇ ಸರಿಮಾಡಿಕೊಳ್ಳುತ್ತದೆ.

ಆ ಅಡಿಗೆರೆಯನ್ನು ಮರೆಯಬೇಡಿ ಮಾರಾಯ್ರೆ. ಒಂದು ಡಿಸ್ಕ್ ಕೆಟ್ಟಾಗ ಕನ್ನಡಿ ಕೂಗಿ ಹೇಳುವುದಿಲ್ಲ, ಕೆಲಸ ನಡೆಯುತ್ತಲೇ ಇರುತ್ತದೆ. ನೋಡುವವರಿಲ್ಲದೆ ಆರು ತಿಂಗಳು ಕಳೆದು ಎರಡನೆಯದೂ ಹೋದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಈಮೇಲ್ ಬರುವಂತೆ ಮಾಡಿಕೊಳ್ಳಬಹುದು. ಅದು ಕಷ್ಟ ಅನಿಸಿದರೆ ಪ್ರತಿ ಭಾನುವಾರ ಒಮ್ಮೆ ಎಂಡಿಸ್ಟಾಟ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕನ್ನಡಿ ಬ್ಯಾಕಪ್ ಅಲ್ಲ

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಕನ್ನಡಿ ಕಟ್ಟಿ ವರ್ಷವಾಗಿತ್ತು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಹಳೆಯ ಫೋಲ್ಡರ್ ಅಂತ ಒಂಬತ್ತನೇ ತರಗತಿಯ ರಸಾಯನಶಾಸ್ತ್ರದ ಫೋಲ್ಡರನ್ನೇ ಅಳಿಸಿದೆ. ಎರಡು ಡಿಸ್ಕುಗಳೂ ಅದೇ ಕ್ಷಣ ನನ್ನ ಮಾತು ಕೇಳಿದವು. ಕನ್ನಡಿಯ ಮುಂದೆ ನಿಂತು ಮೀಸೆ ಬೋಳಿಸಿದರೆ ಒಳಗಿನವನಿಗೆ ಮಾತ್ರ ಮೀಸೆ ಉಳಿಯುತ್ತದಾ?

ಕನ್ನಡಿ ಕಾಪಾಡುವುದು ಒಂದರಿಂದ ಮಾತ್ರ: ಒಂದು ಡಿಸ್ಕ್ ಕೆಡುವುದರಿಂದ. ಕೈತಪ್ಪು, ವೈರಸ್, ಕಳ್ಳ, ಮಳೆಗಾಲದ ಸಿಡಿಲು, ಇವು ಎರಡನ್ನೂ ಒಟ್ಟಿಗೆ ಕೊಂಡುಹೋಗಬಹುದು. ನಮ್ಮ ಕಾಸರಗೋಡಿನ ಸಿಡಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಮೂರು, ಎರಡು, ಒಂದು ಎಂಬ ಸೂತ್ರ ನೆನಪಿರಲಿ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. ನಾನೀಗ ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ವಯರು ಕಳಚಿ, ತಂಗಿಯ ಮನೆಯಲ್ಲಿ ಇಟ್ಟುಬರುತ್ತೇನೆ. ರಸಾಯನಶಾಸ್ತ್ರದ ಫೋಲ್ಡರ್ ಮರಳಿ ಸಿಕ್ಕಿದ್ದೂ ಹೀಗೇ, ಒಬ್ಬ ಸಹೋದ್ಯೋಗಿ ಹಿಂದೆ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದರು.

ಅಂದಮೇಲೆ ಎಲ್ಲಕ್ಕಿಂತ ಅಗ್ಗದ ರಕ್ಷಣೆ ನಮ್ಮ ಕೈಯಲ್ಲೇ ಉಂಟಲ್ವಾ? ನೀವು ಮಾಡಿದ ಹಾಳೆಯನ್ನು ಪಕ್ಕದ ಶಾಲೆಯ ಕನ್ನಡ ಮಾಧ್ಯಮದ ಟೀಚರಿಗೆ ಕೊಡಿ, ಅವರದ್ದನ್ನು ನೀವು ಇಟ್ಟುಕೊಳ್ಳಿ. ಮುಂದಿನ ಕ್ಲಸ್ಟರ್ ಸಭೆಗೆ ಬರುವಾಗ ಒಂದು ಖಾಲಿ ಡಿಸ್ಕ್ ತನ್ನಿ.