ಕೆಳಗೆ ಮಾತ್ರ ಇಳಿಯುತ್ತಿದ್ದ ಕೈ: ಜಾನಿ ರಮೋನ್ ಎಂಬ ದುಡಿಮೆಗಾರ

ಗಿಟಾರ್ ಕಲಿಯಲು ಹೊರಟವರಿಗೆ ಸಿಗುವ ಮೊದಲ ಪಾಠಗಳಲ್ಲಿ ಇದೂ ಒಂದು: ತಂತಿಗಳನ್ನು ಒಮ್ಮೆ ಕೆಳಮುಖವಾಗಿ, ಮತ್ತೊಮ್ಮೆ ಮೇಲ್ಮುಖವಾಗಿ ಮೀಟಬೇಕು. ಇದರಿಂದ ಕೈಗೆ ಶ್ರಮ ಕಡಿಮೆ, ವೇಗ ಹೆಚ್ಚು. ಅಮೆರಿಕದ 'ರಮೋನ್ಸ್' ತಂಡದ ಗಿಟಾರ್ ವಾದಕ ಜಾನಿ ರಮೋನ್ ಈ ಪಾಠವನ್ನು ಒಪ್ಪಲಿಲ್ಲ. ಅತಿ ವೇಗದ ಹಾಡುಗಳಲ್ಲೂ ಅವರ ಕೈ ಕೆಳಮುಖವಾಗಿಯೇ ಮೀಟುತ್ತಿತ್ತು. ಪ್ರತಿ ಮೀಟಿಗೂ ಒಂದೇ ತೂಕ, ಒಂದೇ ಬಿರುಸು. ಈ ಹಟದಿಂದ ಹುಟ್ಟಿದ ನಾದವೇ ಮುಂದೆ ಪಂಕ್ ರಾಕ್‌ನ ಗುರುತಾಯಿತು.

1948ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರ ಮೂಲ ಹೆಸರು ಜಾನ್ ಕಮಿಂಗ್ಸ್. ಕಟ್ಟಡ ಕಾರ್ಮಿಕನ ಮಗನಾದ ಅವರು ತಾವೂ ಅದೇ ಕೆಲಸ ಮಾಡಿದ್ದರು. 1974ರಲ್ಲಿ ಸುಮಾರು 50 ಡಾಲರ್‌ಗೆ ಮಾಸ್‌ರೈಟ್ ಗಿಟಾರೊಂದನ್ನು ಕೊಂಡರು. ಅದೇ ವರ್ಷ ಜೋಯಿ, ಡೀ ಡೀ ಹಾಗೂ ಟಾಮಿ ಜೊತೆ ತಂಡ ಕಟ್ಟಿದರು. ರಕ್ತಸಂಬಂಧವಿಲ್ಲದಿದ್ದರೂ ನಾಲ್ವರೂ 'ರಮೋನ್' ಎಂಬ ಒಂದೇ ಕುಲನಾಮ ಇಟ್ಟುಕೊಂಡರು.

ಅದು ರಾಕ್ ಸಂಗೀತದಲ್ಲಿ ಉದ್ದುದ್ದ ಹಾಡುಗಳೂ ಮುಗಿಯದ ಗಿಟಾರ್ ಆಲಾಪಗಳೂ ಮೆರೆಯುತ್ತಿದ್ದ ಕಾಲ. ಜಾನಿ ಆಲಾಪವನ್ನೇ ಬದಿಗಿಟ್ಟರು. 1976ರ ಮೊದಲ ಆಲ್ಬಂನಲ್ಲಿ 14 ಹಾಡುಗಳಿದ್ದರೂ ಒಟ್ಟು ಅವಧಿ ಅರ್ಧ ಗಂಟೆಯೂ ಇರಲಿಲ್ಲ. ತಗುಲಿದ ವೆಚ್ಚ ಸುಮಾರು 6,400 ಡಾಲರ್. ಅದೇ ವರ್ಷ ಜುಲೈ 4ರಂದು ಲಂಡನ್ನಿನಲ್ಲಿ ತಂಡ ನೀಡಿದ ಕಛೇರಿ ಅಲ್ಲಿನ ಹೊಸ ತಂಡಗಳಿಗೆ ಧೈರ್ಯ ತುಂಬಿತು. ಮೂರು ಸ್ವರಮೇಳ ಬಲ್ಲವನೂ ವೇದಿಕೆ ಏರಬಹುದು ಎಂಬ ಧೈರ್ಯ ಅದು.

ಆದರೆ ಕೀರ್ತಿಯ ಜೊತೆ ಹಣ ಬರಲಿಲ್ಲ. ತಂಡದ ಒಂದು ಹಾಡೂ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ 40ರೊಳಗೆ ಸೇರಲಿಲ್ಲ. ಹಾಡು ಮಾರಾಟವಾಗದಿದ್ದರೆ ಹೊಟ್ಟೆಪಾಡಿಗೆ ಕಛೇರಿಯೇ ಗತಿ. ಜಾನಿ ಅದನ್ನು ಕೂಲಿ ಕೆಲಸದಷ್ಟೇ ಶಿಸ್ತಿನಿಂದ ಮಾಡಿದರು. ಪ್ರತಿ ಕಛೇರಿಯ ಲೆಕ್ಕ ಬರೆದಿಟ್ಟರು. 22 ವರ್ಷಗಳಲ್ಲಿ ತಂಡ ನೀಡಿದ ಕಛೇರಿಗಳು 2,263.

ಈ ದುಡಿಮೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಜೋಯಿಯ ಗೆಳತಿಯಾಗಿದ್ದ ಲಿಂಡಾ ಮುಂದೆ ಜಾನಿಯ ಪತ್ನಿಯಾದರು. ಬಳಿಕ ಇಬ್ಬರೂ ವರ್ಷಗಟ್ಟಲೆ ಒಂದೇ ವಾಹನದಲ್ಲಿ ಸಂಚರಿಸಿ, ಒಂದೇ ವೇದಿಕೆಯಲ್ಲಿ ನಿಂತರೂ ಮಾತು ಮಾತ್ರ ಇಲ್ಲವಾಯಿತು. 2001ರಲ್ಲಿ ಜೋಯಿ ಕ್ಯಾನ್ಸರ್‌ನಿಂದ ನಿಧನರಾಗುವವರೆಗೂ ಆ ಮುನಿಸು ಕರಗಲಿಲ್ಲ.

1996ರ ಆಗಸ್ಟ್ 6ರಂದು ಲಾಸ್ ಏಂಜಲೀಸ್‌ನಲ್ಲಿ ಕೊನೆಯ ಕಛೇರಿ ಮುಗಿಸಿದ ಜಾನಿ, ವೃತ್ತಿಯಿಂದ ನಿವೃತ್ತರಾದರು. 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ತಂಡಕ್ಕೆ ಸಂದಿತು. ಕೆಲವೇ ತಿಂಗಳಲ್ಲಿ ಡೀ ಡೀ ತೀರಿಕೊಂಡರು. 2004ರ ಸೆಪ್ಟೆಂಬರ್ 15ರಂದು ಪ್ರಾಸ್ಟೇಟ್ ಕ್ಯಾನ್ಸರ್ ಜಾನಿಯನ್ನೂ ಕೊಂಡೊಯ್ದಿತು. ಆಗ ಅವರಿಗೆ 55 ವರ್ಷ.

ಅವರ ಮೊದಲ ಆಲ್ಬಂ ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ 'ಗೋಲ್ಡ್' ಮಾನ್ಯತೆ ಪಡೆದದ್ದು 2014ರಲ್ಲಿ, ಅಂದರೆ ಬಿಡುಗಡೆಯಾದ 38 ವರ್ಷಗಳ ನಂತರ. ಮೂಲ ನಾಲ್ವರಲ್ಲಿ ಅದನ್ನು ಕಾಣಲು ಉಳಿದಿದ್ದವರು ಟಾಮಿ ಒಬ್ಬರೇ. ಅದೇ ವರ್ಷದ ಜುಲೈನಲ್ಲಿ ಅವರೂ ಕಣ್ಮುಚ್ಚಿದರು.